ಮೊಹೊ ಎಂಬ ಎರಡಕ್ಷರದ ಹಿಂದಿನ ಮೇಷ್ಟ್ರು

ಅಭ್ಯಾಸ ಬೋಧನೆಯ ದಿನಗಳಲ್ಲಿ ಪ್ರೌಢಶಾಲೆಗಳ ಹಿಂದಿನ ಬೆಂಚಿನಲ್ಲಿ ಕುಳಿತು ಭೂಮಿಯ ಅಂತರಾಳದ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರಶಿಕ್ಷಣಾರ್ಥಿ ಬೇಯಿಸಿದ ಮೊಟ್ಟೆಯನ್ನು ಅರ್ಧಕ್ಕೆ ಕತ್ತರಿಸಿ ತೋರಿಸುತ್ತಾರೆ, ಇಲ್ಲವೇ ಥರ್ಮಾಕೋಲಿನ ಮಾದರಿ ತರುತ್ತಾರೆ. ಹೊರಗೆ ಭೂಕವಚ, ನಡುವೆ ಮ್ಯಾಂಟಲ್, ಒಳಗೆ ಕೇಂದ್ರಗೋಳ. ಭೂಕವಚಕ್ಕೂ ಮ್ಯಾಂಟಲ್‌ಗೂ ನಡುವಿನ ಗೆರೆಗೆ ಒಂದು ಬಾಣ ಎಳೆದು ಮೊಹೊ ಎಂದು ಬರೆದು, ತರಗತಿಯಿಂದ ಮೂರು ಸಲ ಹೇಳಿಸಿ ಮುಂದೆ ಹೋಗುತ್ತಾರೆ. ಮೌಲ್ಯಮಾಪನದಲ್ಲಿ ಅದೇ ಪದ ಬಿಟ್ಟ ಸ್ಥಳವಾಗಿ ಮರಳಿ ಬರುತ್ತದೆ. ಮಕ್ಕಳು ಸರಿಯಾಗಿ ತುಂಬುತ್ತಾರೆ. ಎಲ್ಲರಿಗೂ ಸಮಾಧಾನ.

ಆದರೆ ಯಾರೂ ಇಳಿದು ನೋಡದ ಆ ಗೆರೆ ಅಲ್ಲಿದೆ ಎಂದು ನಮಗೆ ಗೊತ್ತಾದದ್ದು ಹೇಗೆ? ಪಾಠದ ನಂತರದ ಚರ್ಚೆಯಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಸರ್. ಈ ಉತ್ತರ ನನಗೆ ಸಾಲದು. ಮೊಹೊ ಎಂಬುದು ಒಬ್ಬ ಮನುಷ್ಯನ ಮನೆತನದ ಹೆಸರಿನ ಮೊದಲ ಎರಡಕ್ಷರ. ಆ ಮನುಷ್ಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ನಿಮ್ಮ ಹಾಗೆ ಶಾಲೆಯಲ್ಲಿ ಪಾಠ ಮಾಡಿದವರು. ಅವರು ಆ ಗೆರೆಯನ್ನು ಕಂಡ ಬಗೆಯನ್ನು ದೂರ, ವೇಗ, ಕಾಲದ ಲೆಕ್ಕ ಬಲ್ಲ ಎಂಟನೆಯ ತರಗತಿಯ ಮಗು ಕಪ್ಪುಹಲಗೆಯ ಮೇಲೆ ತಾನೇ ಮಾಡಿ ನೋಡಬಹುದು. ಅದಕ್ಕಾಗಿಯೇ ಅವರ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಆಂದ್ರಿಯಾ ಮೊಹೊರೊವಿಚಿಚ್. ಬಾಯಿಗೆ ತೊಡಕು, ನಿಜ. ಮೊಹೊ, ರೊವಿ, ಚಿಚ್ ಎಂದು ಮೂರು ತುಂಡು ಮಾಡಿ ಹೇಳಿಸಿದರೆ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಅವರು ಹುಟ್ಟಿದ್ದು 1857ರ ಜನವರಿ 23ರಂದು, ಏಡ್ರಿಯಾಟಿಕ್ ಸಮುದ್ರದ ದಡದ ವೊಲೊಸ್ಕೊ ಎಂಬ ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು, ಇಂದು ಕ್ರೊವೇಷಿಯಾ. ತಂದೆಯ ಹೆಸರೂ ಆಂದ್ರಿಯಾ. ಅವರು ಕಮ್ಮಾರರು, ಹಡಗುಗಳಿಗೆ ಲಂಗರು ಮಾಡಿಕೊಡುತ್ತಿದ್ದವರು. ಮಗು ಹುಟ್ಟಿದ ಸ್ವಲ್ಪ ಸಮಯಕ್ಕೇ ತಾಯಿ ತೀರಿಕೊಂಡರು. ಹುಡುಗ ಹತ್ತಿರದ ರಿಯೆಕಾ ಪಟ್ಟಣದಲ್ಲಿ ಓದಿದ. ಬಂದರಿನ ಊರುಗಳಲ್ಲಿ ಭಾಷೆಗಳು ಗಾಳಿಯ ಹಾಗೆ ಬಂದುಹೋಗುತ್ತವೆ. ಹದಿನೈದರ ವಯಸ್ಸಿಗೆ ತಾಯ್ನುಡಿಯ ಜೊತೆಗೆ ಇಟಾಲಿಯನ್, ಇಂಗ್ಲಿಷ್, ಫ್ರೆಂಚ್ ಅವನಿಗೆ ಬರುತ್ತಿದ್ದವು. ಮುಂದೆ ಜರ್ಮನ್, ಚೆಕ್, ಲ್ಯಾಟಿನ್, ಗ್ರೀಕ್ ಸೇರಿಕೊಂಡವು. ಈ ಭಾಷೆಗಳನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಹಲವು ದೇಶಗಳಿಂದ ಬಂದ ದಾಖಲೆಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಬೇಕಾದ ದಿನ ಅವರ ಬಾಳಿನಲ್ಲಿ ಬರಲಿತ್ತು.

ಗಣಿತ ಮತ್ತು ಭೌತಶಾಸ್ತ್ರ ಓದಲು ಅವರು ಪ್ರಾಗ್‌ಗೆ ಹೋದರು. ಅಲ್ಲಿನ ಗುರುಗಳಲ್ಲಿ ಒಬ್ಬರು ಅರ್ನ್ಸ್ಟ್ ಮಾಖ್. ಶಬ್ದದ ವೇಗಕ್ಕೆ ಹೋಲಿಸಿ ವಿಮಾನದ ವೇಗ ಹೇಳುವಾಗ ಬಳಸುವ ಮಾಖ್ ಸಂಖ್ಯೆಯಲ್ಲಿ ಇಂದಿಗೂ ಉಳಿದಿರುವ ಹೆಸರು ಅವರದೇ. ಇಂದ್ರಿಯಗಳ ಅನುಭವಕ್ಕೆ ಬಾರದ್ದನ್ನು ವಿಜ್ಞಾನದಲ್ಲಿ ಸುಲಭವಾಗಿ ಒಪ್ಪಬಾರದು ಎಂದು ಹಟ ಹಿಡಿದಿದ್ದವರು ಮಾಖ್. ಪರಮಾಣುವಿನ ಬಗ್ಗೆಯೂ ಅವರಿಗೆ ಅನುಮಾನವಿತ್ತು. ಅವರ ಶಿಷ್ಯನ ಹೆಸರು ಕೊನೆಗೆ ಉಳಿದದ್ದು ಯಾರ ಕಣ್ಣಿಗೂ ಬೀಳದ ಒಂದು ಎಲ್ಲೆಗೆ ಎಂಬುದು ನನಗೆ ಯಾವಾಗಲೂ ಸೋಜಿಗ ತರುವ ಸಂಗತಿ.

ಓದು ಮುಗಿದ ಮೇಲೆ ಸಿಕ್ಕಿದ್ದು ಮೇಷ್ಟ್ರ ಕೆಲಸ. ಮೊದಲು ಝಾಗ್ರೆಬ್‌ನ ಒಂದು ಪ್ರೌಢಶಾಲೆ, ಆಮೇಲೆ ಒಸಿಯೆಕ್ ಎಂಬ ಊರು, 1882ರಿಂದ ಬಾಕರ್ ಎಂಬ ಬಂದರಿನ ನೌಕಾ ಶಾಲೆ. ಬಾಕರ್‌ನಲ್ಲಿ ಒಂಬತ್ತು ವರ್ಷ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಮ್ಮಂಥವರಿಗೆ ಬೇಕಾದ ಭಾಗ ಇದು. ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಪಾಠ ಮಾಡಬೇಕಾಗಿ ಬಂದದ್ದು ಹಡಗು ನಡೆಸಲಿರುವ ಹುಡುಗರಿಗೆ, ಹವಾಮಾನವನ್ನೂ ಸೇರಿಸಿ. ವೇಳಾಪಟ್ಟಿಯಲ್ಲಿ ತನ್ನದಲ್ಲದ ವಿಷಯ ಬಂದಾಗ ನಮ್ಮಲ್ಲಿ ಅನೇಕರು ಗೈಡು ಹುಡುಕುತ್ತಾರೆ. ಮೊಹೊರೊವಿಚಿಚ್ ಆಕಾಶ ನೋಡಲು ಶುರುಮಾಡಿದರು. ಬಾಕರ್ ಬೆಟ್ಟದ ಬುಡದಲ್ಲಿ ಸಮುದ್ರಕ್ಕೆ ತಾಗಿದ ಊರು. ಬೋರಾ ಎಂಬ ತಣ್ಣನೆಯ ಬಿರುಗಾಳಿ ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಧುಮುಕಿ ಕೊಲ್ಲಿಯ ನೀರನ್ನು ಕಲಕುತ್ತದೆ. ಆ ಗಾಳಿಯನ್ನು ಮುಂಚಿತವಾಗಿ ಗುರುತಿಸುವುದು ಅಲ್ಲಿಯ ನಾವಿಕನಿಗೆ ಜೀವದ ಪ್ರಶ್ನೆ. 1887ರಲ್ಲಿ ಅವರು ಅಲ್ಲೊಂದು ಹವಾಮಾನ ಕೇಂದ್ರ ತೆರೆದರು. ಮೋಡಗಳು ಎಷ್ಟು ವೇಗದಲ್ಲಿ ಅಡ್ಡಡ್ಡ ಸರಿಯುತ್ತವೆ, ಎಷ್ಟು ವೇಗದಲ್ಲಿ ಮೇಲೇರುತ್ತವೆ ಎಂದು ಅಳೆಯಲು ತಾವೇ ಒಂದು ಉಪಕರಣ ರೂಪಿಸಿಕೊಂಡರು. 1888ರ ಅಕ್ಟೋಬರ್‌ನಲ್ಲಿ, ಬೋರಾ ಬೀಸುತ್ತಿದ್ದ ಒಂದು ದಿನ, ಬೆಟ್ಟದ ಮರೆಯಲ್ಲಿ ಮೋಡವೊಂದು ಮಲಗಿಸಿದ ಪೀಪಾಯಿಯ ಹಾಗೆ ಅಡ್ಡ ಅಕ್ಷದ ಸುತ್ತ ಉರುಳುವುದನ್ನು ಕಂಡು ಮರುವರ್ಷ ಪ್ರಕಟಿಸಿದರು. ಬೆಟ್ಟದ ಹಿಂಬದಿಯ ಇಂಥ ಸುರುಳಿಗಾಳಿ ವಿಮಾನಗಳಿಗೆ ಅಪಾಯ ಎಂಬುದು ಇಂದು ಪೈಲಟ್‌ಗಳ ಪಾಠದಲ್ಲಿದೆ. ಅವರು ಅದನ್ನು ದಾಖಲಿಸಿದಾಗ ವಿಮಾನವೇ ಇರಲಿಲ್ಲ.

ಮೋಡದ ಒಳಗನ್ನು ಅವರು ಹೊಕ್ಕು ನೋಡಲಿಲ್ಲ. ದೂರದಲ್ಲಿ ನಿಂತು, ಗಡಿಯಾರ ಹಿಡಿದು, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ಹೋಯಿತು ಎಂಬುದರಿಂದ ಒಳಗಿನ ಚಲನೆಯನ್ನು ಊಹಿಸಿದರು. ಇಪ್ಪತ್ತು ವರ್ಷಗಳ ನಂತರ ಭೂಮಿಯ ವಿಷಯದಲ್ಲಿ ಮಾಡಿದ್ದೂ ಇದನ್ನೇ.

1891ರಲ್ಲಿ ಝಾಗ್ರೆಬ್‌ಗೆ ವರ್ಗಾವಣೆ ಕೇಳಿ ಪಡೆದರು. ಮರುವರ್ಷ ಅಲ್ಲಿನ ಗ್ರಿಚ್ ಗುಡ್ಡದ ಮೇಲಿನ ಹವಾಮಾನ ವೀಕ್ಷಣಾಲಯದ ಮುಖ್ಯಸ್ಥರಾದರು. 1893ರಲ್ಲಿ, ಬಾಕರ್‌ನ ಮೋಡಗಳ ಮೇಲೆಯೇ ಬರೆದ ಪ್ರಬಂಧಕ್ಕೆ, ಝಾಗ್ರೆಬ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಶಾಲೆಯ ಅಂಗಳದಲ್ಲಿ ನಿಂತು ಬರೆದಿಟ್ಟ ದಿನಚರಿ ಪಿಎಚ್‌.ಡಿ. ಆಯಿತು ಎಂದು ನಮ್ಮ ಎಂ.ಇಡಿ. ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು. ಮುಂದಿನ ಕೆಲವು ವರ್ಷ ಮಳೆ, ಗುಡುಗು, ಸುಂಟರಗಾಳಿಗಳ ದಾಖಲೆಯಲ್ಲೇ ಕಳೆದವು. ಅವನ್ನು ಇಲ್ಲಿ ಬಿಡುತ್ತೇನೆ.

ಝಾಗ್ರೆಬ್ ಭೂಕಂಪದ ಊರು. 1880ರ ನವೆಂಬರ್ 9ರ ಕಂಪನ ಆ ನಗರವನ್ನು ಬಹಳವಾಗಿ ಹಾಳುಮಾಡಿತ್ತು. ವೀಕ್ಷಣಾಲಯದ ಹೊಣೆ ಹೊತ್ತವರು ನೆಲದ ಅಲುಗಾಟವನ್ನು ಮರೆತು ಬರಿಯ ಆಕಾಶ ನೋಡುತ್ತ ಇರುವಂತಿರಲಿಲ್ಲ. 1906ರಲ್ಲಿ ಬುಡಾಪೆಸ್ಟ್‌ನಿಂದ ಎರವಲಾಗಿ ಒಂದು ಭೂಕಂಪ ಮಾಪಕ ಬಂತು. 1908ರಲ್ಲಿ ವೀಖರ್ಟ್ ಎಂಬ ಜರ್ಮನ್ ವಿಜ್ಞಾನಿ ರೂಪಿಸಿದ, 80 ಕಿಲೋ ತೂಕದ ಗುಂಡು ಇರುವ ಮಾಪಕ. 1909ರಲ್ಲಿ ಅದೇ ಮಾದರಿಯ 1000 ಕಿಲೋ ತೂಕದ್ದು. ಒಂದು ಟನ್ ತೂಕ ಏಕೆ ಬೇಕು ಎಂದು ಮಕ್ಕಳು ಕೇಳಿದರೆ ಬಸ್ಸಿನ ಉದಾಹರಣೆ ಸಾಕು. ನಿಂತ ಬಸ್ಸು ಗಕ್ಕನೆ ಹೊರಟರೆ ನಿಂತ ಪ್ರಯಾಣಿಕ ಹಿಂದಕ್ಕೆ ವಾಲುತ್ತಾನೆ. ನಿಜವಾಗಿ ಅವನು ಇದ್ದಲ್ಲೇ ಇರುತ್ತಾನೆ, ಬಸ್ಸು ಮುಂದೆ ಸರಿದಿರುತ್ತದೆ. ಹಾಗೆಯೇ ನೆಲ ಅಲುಗಿದಾಗ ತೂಗುಬಿಟ್ಟ ಭಾರ ಇದ್ದಲ್ಲೇ ನಿಲ್ಲುತ್ತದೆ, ಅದಕ್ಕೆ ಜೋಡಿಸಿದ ಮುಳ್ಳು ಮಸಿ ಹಿಡಿಸಿದ ಕಾಗದದ ಮೇಲೆ ನೆಲದ ಅಲುಗಾಟವನ್ನು ಗೀಚುತ್ತದೆ. ಕಾಗದ ಸುತ್ತುವ ಉರುಳೆಗೆ ಒಳ್ಳೆಯ ಗಡಿಯಾರ ಇರಬೇಕು. ಸೆಕೆಂಡು ತಪ್ಪಿದರೆ ಎಲ್ಲ ತಪ್ಪಿದಂತೆ.

1909ರ ಅಕ್ಟೋಬರ್ 8ರಂದು ಝಾಗ್ರೆಬ್‌ನ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕೂಪಾ ನದಿಯ ಕಣಿವೆಯ ಪೊಕುಪ್ಸ್ಕೊ ಸುತ್ತಮುತ್ತ ನೆಲ ಬಲವಾಗಿ ನಡುಗಿತು. ಇಂದಿನ ಅಳತೆಯಲ್ಲಿ ಸುಮಾರು 6ರ ಪ್ರಮಾಣದ ಭೂಕಂಪ. ಸ್ಥಳ ಗಮನಿಸಿ: ಒಂದು ಕಡೆ ಡಿನಾರಿಕ್ ಪರ್ವತ ಶ್ರೇಣಿ, ಇನ್ನೊಂದು ಕಡೆ ಹಂಗೇರಿಯತ್ತ ಹರಡಿದ ಬಯಲು. ಮೊಹೊರೊವಿಚಿಚ್ ತಮ್ಮ ಮಾಪಕದ ಕಾಗದವಷ್ಟೇ ನೋಡಿ ಸುಮ್ಮನಾಗಲಿಲ್ಲ. ಯುರೋಪಿನ ಬೇರೆ ಬೇರೆ ಕೇಂದ್ರಗಳ ದಾಖಲೆಗಳನ್ನು ತರಿಸಿಕೊಂಡರು. ಪ್ರತಿ ಕೇಂದ್ರಕ್ಕೂ ಭೂಕಂಪದ ನೆಲೆಯಿಂದ ದೂರ ಎಷ್ಟು, ಅಲೆ ಅಲ್ಲಿಗೆ ತಲುಪಿದ ಹೊತ್ತು ಎಷ್ಟು ಎಂದು ಪಟ್ಟಿ ಮಾಡಿ, ದೂರವನ್ನು ಅಡ್ಡಕ್ಕೆ, ಕಾಲವನ್ನು ಉದ್ದಕ್ಕೆ ಇಟ್ಟು ನಕ್ಷೆ ಬರೆದರು.

ಭೂಕಂಪದಿಂದ ಎರಡು ಬಗೆಯ ಅಲೆಗಳು ನೆಲದೊಳಗೆ ಹರಡುತ್ತವೆ ಎಂಬುದು ಆಗಲೇ ತಿಳಿದಿತ್ತು. ಶಬ್ದದ ಹಾಗೆ ಹಿಂದೆ ಮುಂದೆ ತಳ್ಳುತ್ತ ಸಾಗುವ ಪಿ ಅಲೆ ಮೊದಲು ಬರುತ್ತದೆ, ಅಡ್ಡಡ್ಡ ಅಲುಗುವ ಎಸ್ ಅಲೆ ಆಮೇಲೆ. ಈ ಎರಡನ್ನೂ ದಾಖಲೆಗಳಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಆರ್.ಡಿ. ಓಲ್ಡ್‌ಹ್ಯಾಮ್, ಅವರಿಗೆ ಅದರ ಸುಳಿವು ಕೊಟ್ಟದ್ದು 1897ರ ಅಸ್ಸಾಮ್ ಭೂಕಂಪ. ಹಾಗಿದ್ದರೆ ಕಾಗದದ ಮೇಲೆ ಒಂದು ಪಿ, ಒಂದು ಎಸ್ ಇರಬೇಕು. ಮೊಹೊರೊವಿಚಿಚ್ ಮುಂದಿದ್ದ ದಾಖಲೆಗಳಲ್ಲಿ ಕೆಲವು ದೂರಗಳಲ್ಲಿ ಎರಡು ಪಿ, ಎರಡು ಎಸ್ ಇದ್ದವು. ಹತ್ತಿರದ ಕೇಂದ್ರಗಳಲ್ಲಿ ಒಂದೇ ಜೊತೆ. ಸುಮಾರು 300 ಕಿಲೋಮೀಟರ್ ದಾಟಿದ ಮೇಲೆ ಎರಡು ಜೊತೆ. ಸುಮಾರು 720 ಕಿಲೋಮೀಟರ್ ಆಚೆ ಮತ್ತೆ ಒಂದೇ ಜೊತೆ, ಆದರೆ ಅದು ಹತ್ತಿರದಲ್ಲಿ ಕಂಡಿದ್ದ ನಿಧಾನದ ಜೊತೆಯಲ್ಲ, ಬೇರೆಯದೇ ಆದ ವೇಗದ ಜೊತೆ. ಗಡಿಯಾರಗಳ ತಪ್ಪು ಎಂದು ತಳ್ಳಿಹಾಕಬಹುದಿತ್ತು. ಆದರೆ ಗಡಿಯಾರದ ತಪ್ಪು ದೂರಕ್ಕೆ ತಕ್ಕಂತೆ ಕ್ರಮವಾಗಿ ಬೆಳೆಯುವುದಿಲ್ಲ. ನಕ್ಷೆಯ ಮೇಲೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗದೆ ಎರಡು ಬೇರೆ ಗೆರೆಗಳಾಗಿ ನಿಂತಿದ್ದವು.

ಇಲ್ಲಿಂದ ಮುಂದಿನದನ್ನು ನಾನು ಹೆದ್ದಾರಿಯ ಲೆಕ್ಕದಿಂದ ಹೇಳಿಕೊಡುತ್ತೇನೆ. ಒಂದು ಹಳ್ಳಿ ರಸ್ತೆ ಇದೆ, ಅದರ ಮೇಲೆ ಬಸ್ಸು ಗಂಟೆಗೆ 30 ಕಿಲೋಮೀಟರ್ ಹೋಗುತ್ತದೆ. ಅದಕ್ಕೆ ಸಮಾನಾಂತರವಾಗಿ 5 ಕಿಲೋಮೀಟರ್ ಆಚೆ ಹೆದ್ದಾರಿ, ಅಲ್ಲಿ ಗಂಟೆಗೆ 60. ಒಂದೇ ಊರಿಂದ ಎರಡು ಬಸ್ಸು ಒಟ್ಟಿಗೆ ಹೊರಡುತ್ತವೆ. ಒಂದು ಹಳ್ಳಿ ರಸ್ತೆಯಲ್ಲೇ ಹೋಗುತ್ತದೆ. ಇನ್ನೊಂದು 5 ಕಿಲೋಮೀಟರ್ ನಿಧಾನದ ಅಡ್ಡದಾರಿಯಲ್ಲಿ ಹೆದ್ದಾರಿಗೆ ಇಳಿದು, ಅಲ್ಲಿ ಓಡಿ, ಮತ್ತೆ 5 ಕಿಲೋಮೀಟರ್ ಅಡ್ಡದಾರಿ ಹತ್ತಿ ಊರು ಸೇರುತ್ತದೆ. ಇಳಿದು ಹತ್ತುವುದಕ್ಕೇ ಅದಕ್ಕೆ 20 ನಿಮಿಷ. 10 ಕಿಲೋಮೀಟರ್ ದೂರದ ಊರಿಗೆ ಹಳ್ಳಿ ಬಸ್ಸು 20 ನಿಮಿಷದಲ್ಲಿ, ಹೆದ್ದಾರಿ ಬಸ್ಸು 30 ನಿಮಿಷದಲ್ಲಿ. 20 ಕಿಲೋಮೀಟರ್ ದೂರದ ಊರಿಗೆ ಎರಡೂ 40 ನಿಮಿಷ. 40 ಕಿಲೋಮೀಟರ್ ದೂರಕ್ಕೆ ಹಳ್ಳಿ ಬಸ್ಸು 80 ನಿಮಿಷ, ಹೆದ್ದಾರಿ ಬಸ್ಸು 60. ಹತ್ತಿರದ ಊರಿನವರಿಗೆ ಹಳ್ಳಿ ಬಸ್ಸು ಮೊದಲು, ದೂರದವರಿಗೆ ಹೆದ್ದಾರಿ ಬಸ್ಸು ಮೊದಲು. ಈಗ ಮಕ್ಕಳ ಮುಂದೆ ಸಮಸ್ಯೆಯನ್ನು ತಿರುಗಿಸಿ ಇಡಬೇಕು: ನೀವು ಹೆದ್ದಾರಿಯನ್ನು ನೋಡಿಯೇ ಇಲ್ಲ, ಅದಿದೆ ಎಂದೂ ಯಾರೂ ಹೇಳಿಲ್ಲ, ನಿಮ್ಮ ಕೈಯಲ್ಲಿರುವುದು ಊರೂರಿನ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತಿನ ಪಟ್ಟಿ ಮಾತ್ರ. ಹೆದ್ದಾರಿ ಎಷ್ಟು ದೂರದಲ್ಲಿದೆ ಹೇಳಿ.

ಅವರು ಹೇಳುತ್ತಾರೆ. ನಕ್ಷೆಯ ಎರಡನೆಯ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಸೊನ್ನೆಗೆ ಬಂದು ಸೇರುವುದಿಲ್ಲ, 20 ನಿಮಿಷದಲ್ಲಿ ನಿಲ್ಲುತ್ತದೆ. ಆ 20 ನಿಮಿಷ ಇಳಿದು ಹತ್ತಿದ ಕಾಲ. ಗಂಟೆಗೆ 30ರ ವೇಗದಲ್ಲಿ 20 ನಿಮಿಷ ಎಂದರೆ 10 ಕಿಲೋಮೀಟರ್, ಅದರ ಅರ್ಧ 5. ಮೊಹೊ ಎಂಬ ಪದವನ್ನು ಹಲಗೆಯ ಮೇಲೆ ಬರೆಯಬೇಕಾದ ಕ್ಷಣ ಇದು, ಪಾಠದ ಮೊದಲ ಐದು ನಿಮಿಷವಲ್ಲ. ನಿಜವಾದ ಅಲೆ ನೇರ ಲಂಬವಾಗಿ ಇಳಿಯುವುದಿಲ್ಲ, ಓರೆಯಾಗಿ ಇಳಿದು ಓರೆಯಾಗಿ ಏರುತ್ತದೆ ಎಂಬುದನ್ನು ಪಿಯುಸಿಯವರಿಗೆ ವಕ್ರೀಭವನದ ನಿಯಮದೊಂದಿಗೆ ಹೇಳಬಹುದು. ಎಂಟನೆಯ ತರಗತಿಗೆ ಇಷ್ಟು ಸಾಕು.

ಮೊಹೊರೊವಿಚಿಚ್ ಮಾಡಿದ ಲೆಕ್ಕ ಇದಕ್ಕಿಂತ ಬಹಳ ಕಷ್ಟದ್ದು. ಆಳಕ್ಕೆ ಹೋದಂತೆ ವೇಗ ಸ್ವಲ್ಪ ಸ್ವಲ್ಪವೇ ಏರುತ್ತದೆ, ಆದ್ದರಿಂದ ಅಲೆಯ ದಾರಿ ಬಾಗುತ್ತದೆ ಎಂಬುದನ್ನೂ ಅವರು ಸೂತ್ರದಲ್ಲಿ ತಂದರು. ಭೂಕಂಪ ಹುಟ್ಟಿದ್ದು ನೆಲದ ಮೇಲಲ್ಲ, ಒಳಗೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರು. ಎಲ್ಲವೂ ಕೈಲೆಕ್ಕ. 1910ರಲ್ಲಿ, ವೀಕ್ಷಣಾಲಯದ 1909ರ ವಾರ್ಷಿಕ ವರದಿಯ ಭಾಗವಾಗಿ ಆ ಬರಹ ಹೊರಬಂತು. ಮೇಲಿನ ಪದರದ ಆಳದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5.7 ಕಿಲೋಮೀಟರ್, ಒಂದು ಎಲ್ಲೆಯ ಕೆಳಗೆ ಅದು ಒಮ್ಮೆಗೇ ಸುಮಾರು 7.75ಕ್ಕೆ ಜಿಗಿಯುತ್ತದೆ; ಆ ಎಲ್ಲೆ 54 ಕಿಲೋಮೀಟರ್ ಆಳದಲ್ಲಿದೆ. ವೇಗ ಹೀಗೆ ಜಿಗಿಯಬೇಕಾದರೆ ಕೆಳಗಿನ ವಸ್ತುವೇ ಬೇರೆಯಾಗಿರಬೇಕು. ಭೂಕವಚದ ತಳ ಅದು. ಒಂದು ಪ್ರಾಂತ್ಯದ ವೀಕ್ಷಣಾಲಯದ ವಾರ್ಷಿಕ ವರದಿ ಎಂದರೆ ನಮ್ಮಲ್ಲಿ ಮಳೆಯ ಅಂಕಿಅಂಶ ಇರುವ, ಯಾರೂ ತೆರೆಯದ ಪುಸ್ತಕ. ಅದರೊಳಗೆ ಇದಿತ್ತು.

54 ಎಂಬ ಸಂಖ್ಯೆಯನ್ನು ಮಾತ್ರ ಜಗತ್ತಿನ ಸಂಖ್ಯೆ ಎಂದು ಕಂಠಪಾಠ ಮಾಡಿಸಬಾರದು. ಅಲೆಗಳು ಬೇರೆ ಬೇರೆ ದಿಕ್ಕಿನಲ್ಲಿ ಬಯಲಿನ ಕೆಳಗೂ ಬೆಟ್ಟದ ಕೆಳಗೂ ಹಾದು ಬಂದಿದ್ದವು. ಅವೆಲ್ಲವನ್ನೂ ಒಂದೇ ಪದರವೆಂದು ಹಿಡಿದು ತೆಗೆದ ಸಂಖ್ಯೆ ಅದು. ನಂತರದ ಅಳತೆಗಳ ಪ್ರಕಾರ ಆ ಬಯಲಿನ ಕೆಳಗೆ ಎಲ್ಲೆ ಸುಮಾರು 25ರಿಂದ 30 ಕಿಲೋಮೀಟರ್ ಆಳದಲ್ಲೇ ಸಿಗುತ್ತದೆ, ಡಿನಾರಿಕ್ ಪರ್ವತಗಳ ಕೆಳಗೆ 40ನ್ನು ಮೀರುತ್ತದೆ. ಈ ವ್ಯತ್ಯಾಸ ಅಳತೆಯ ದೋಷವಲ್ಲ, ಪರ್ವತಗಳ ಸ್ವಭಾವ. ಇದನ್ನು ವಿವರಿಸಲು ಮೊಹೊರೊವಿಚಿಚ್ ಹುಟ್ಟುವ ಎರಡು ವರ್ಷ ಮುಂಚೆ ನಡೆದ, ನಮ್ಮ ದೇಶದ ಒಂದು ಲೆಕ್ಕಕ್ಕೆ ಹೋಗಬೇಕು.

ಭಾರತದ ಮಹಾ ತ್ರಿಕೋನಮಿತಿ ಸರ್ವೇಯಲ್ಲಿ ಮಧ್ಯಭಾರತದ ಕಲ್ಯಾಣಪುರಕ್ಕೂ ಹಿಮಾಲಯಕ್ಕೆ ಹತ್ತಿರದ ಕಲಿಯಾನಾಗೂ ನಡುವಿನ ಅಂತರವನ್ನು ಎರಡು ರೀತಿಯಲ್ಲಿ ಅಳೆದಿದ್ದರು. ನೆಲದ ಮೇಲಿನ ತ್ರಿಕೋನಗಳಿಂದ ಒಂದು ಉತ್ತರ, ನಕ್ಷತ್ರಗಳನ್ನು ನೋಡಿ ಇನ್ನೊಂದು. ಎರಡಕ್ಕೂ ಕೋನದ ಲೆಕ್ಕದಲ್ಲಿ ಸುಮಾರು 5.2 ಸೆಕೆಂಡಿನಷ್ಟು ವ್ಯತ್ಯಾಸ, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನತ್ತ ಎಳೆದದ್ದು ಕಾರಣವಿರಬೇಕೆಂದು ಕಲ್ಕತ್ತೆಯ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕ ಹಾಕಿದರು. ಬೆಟ್ಟಗಳ ಗಾತ್ರ ನೋಡಿದರೆ ಸುಮಾರು 15.9 ಸೆಕೆಂಡ್ ವ್ಯತ್ಯಾಸ ಬರಬೇಕಿತ್ತು. ಬಂದದ್ದು ಅದರ ಮೂರನೆಯ ಒಂದು ಪಾಲು. ಅಂದರೆ ಹಿಮಾಲಯ ಇರಬೇಕಾದಷ್ಟು ಬಲವಾಗಿ ಎಳೆಯುತ್ತಿಲ್ಲ. 1855ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಇದಕ್ಕೆ ಒಂದು ಕಾರಣ ಸೂಚಿಸಿದರು. ನೀರಿನ ಮೇಲೆ ತೇಲುವ ದಿಮ್ಮಿ ಮೇಲೆ ಎಷ್ಟು ಎತ್ತರವಿದೆಯೋ ಅದಕ್ಕೆ ತಕ್ಕಷ್ಟು ಕೆಳಗೂ ಮುಳುಗಿರುತ್ತದೆ. ಹಾಗೆ ಪರ್ವತದ ಹಗುರ ಬಂಡೆ ಕೆಳಗಿನ ಭಾರದ ಪದಾರ್ಥದೊಳಗೆ ಬೇರಿನಂತೆ ಇಳಿದಿದೆ. ಮೇಲಿನ ಬೆಟ್ಟದ ಹೆಚ್ಚುವರಿ ಎಳೆತವನ್ನು ಕೆಳಗಿನ ಹಗುರ ಬೇರು ಬಹುಮಟ್ಟಿಗೆ ಕಳೆದುಬಿಡುತ್ತದೆ. ಪ್ರ್ಯಾಟ್ ಬೇರೆ ವಿವರಣೆ ಕೊಟ್ಟರು: ಬೇರು ಬೇಕಿಲ್ಲ, ಎತ್ತರದ ಭಾಗದ ಬಂಡೆಯೇ ಕಡಿಮೆ ಸಾಂದ್ರತೆಯದಾಗಿದ್ದರೆ ಸಾಕು. ತೂಗುಗುಂಡನ್ನು ಮಾತ್ರ ಇಟ್ಟುಕೊಂಡು ಈ ಜಗಳ ತೀರಿಸುವುದು ಸಾಧ್ಯವಿರಲಿಲ್ಲ.

ಬೇರು ಇದೆಯೋ ಇಲ್ಲವೋ ಎಂದು ಅಳೆದು ನೋಡುವ ಕೋಲು ಸಿಕ್ಕಿದ್ದು ಪೊಕುಪ್ಸ್ಕೊ ಭೂಕಂಪದಿಂದ. ಬಸ್ಸಿನ ಲೆಕ್ಕಕ್ಕೇ ಮರಳಿ. ಹೆದ್ದಾರಿ 5ರ ಬದಲು 8 ಕಿಲೋಮೀಟರ್ ಆಚೆ ಇದ್ದರೆ ಇಳಿದು ಹತ್ತಲು 32 ನಿಮಿಷ ಬೇಕು. ಎರಡು ಬಸ್ಸು ಒಟ್ಟಿಗೆ ತಲುಪುವ ಊರು 20ರಿಂದ 32 ಕಿಲೋಮೀಟರ್‌ಗೆ ಸರಿಯುತ್ತದೆ. ಎಲ್ಲೆ ಆಳಕ್ಕೆ ಹೋದಷ್ಟೂ ಗೆರೆಗಳು ಕೂಡುವ ಜಾಗ ದೂರಕ್ಕೆ ಹೋಗುತ್ತದೆ. ಮೇಲೆ ಸೆಕೆಂಡಿಗೆ 6, ಕೆಳಗೆ 8 ಕಿಲೋಮೀಟರ್ ವೇಗ ಎಂದಿಟ್ಟುಕೊಂಡರೆ, 35 ಕಿಲೋಮೀಟರ್ ದಪ್ಪದ ಕವಚದ ಮೇಲೆ ಆ ಜಾಗ ಸುಮಾರು 185 ಕಿಲೋಮೀಟರ್ ದೂರದಲ್ಲಿ, 70 ಕಿಲೋಮೀಟರ್ ದಪ್ಪವಾದರೆ ಸುಮಾರು 370ರಲ್ಲಿ. ಕಾಲದ ಪಟ್ಟಿ ಮಾಡಬಲ್ಲವನು ಪರ್ವತದ ಬೇರಿನ ಆಳವನ್ನು ಹೇಳಬಲ್ಲ.

ಒಮ್ಮೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಈ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು, ಹೆದ್ದಾರಿ ಸಮಾನಾಂತರವಾಗಿ ಇರದೆ ಓರೆಯಾಗಿ ದೂರ ಸರಿಯುತ್ತ ಹೋದರೆ ಏನು ಮಾಡುವುದು ಎಂದು ಕೇಳಿದಳು. ಪರ್ವತಗಳ ಕೆಳಗೆ ಇರುವುದು ಸರಿಯಾಗಿ ಇದೇ ಸ್ಥಿತಿ. ಎಲ್ಲೆ ಇಳಿಜಾರಾಗಿದ್ದರೆ ಒಂದು ಕಡೆಯಿಂದ ಬರುವ ಅಲೆ ಇದ್ದದ್ದಕ್ಕಿಂತ ನಿಧಾನವಾಗಿ ಕಾಣುತ್ತದೆ, ಇನ್ನೊಂದು ಕಡೆಯಿಂದ ಬರುವುದು ವೇಗವಾಗಿ ಕಾಣುತ್ತದೆ. ಒಂದೇ ದಿಕ್ಕಿನ ಪಟ್ಟಿ ನಂಬಿದರೆ ಮೋಸ. ಆದ್ದರಿಂದ ಎರಡೂ ತುದಿಯಿಂದ ಬಸ್ಸು ಬಿಟ್ಟು ನೋಡಬೇಕು. ಭೂಕಂಪಕ್ಕೆ ಕಾದು ಕುಳಿತರೆ ಅದು ನಮಗೆ ಬೇಕಾದ ಜಾಗದಲ್ಲಿ ಆಗುವುದಿಲ್ಲವಲ್ಲ. ಹಾಗಾಗಿ ವಿಜ್ಞಾನಿಗಳು ಕೊಳವೆಬಾವಿಯಂಥ ರಂಧ್ರಗಳಲ್ಲಿ ಸ್ಫೋಟಕ ಇಟ್ಟು ತಾವೇ ಅಲೆ ಎಬ್ಬಿಸಿದರು. ನಮ್ಮ ದೇಶದಲ್ಲಿ ಹೀಗೆ ನಡೆದ ಮೊದಲ ದೊಡ್ಡ ಕೆಲಸ 1970ರ ದಶಕದ ಮೊದಲರ್ಧದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯದು. ಬಂಗಾಳ ಕೊಲ್ಲಿಯ ದಡದ ಕಾವಲಿಯಿಂದ ಅರಬ್ಬಿ ಸಮುದ್ರದ ದಡದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಸಾಲು. ನಮ್ಮ ಕಾಲಡಿಯಲ್ಲಿ ಆ ಎಲ್ಲೆ ಸುಮಾರು 35ರಿಂದ 40 ಕಿಲೋಮೀಟರ್ ಆಳದಲ್ಲಿ ಸಿಕ್ಕಿತು. ಕರಾವಳಿಯ ಮಕ್ಕಳಿಗೆ ಪಾಠ ಮಾಡುವವರು ಉಡುಪಿಯ ಹೆಸರನ್ನು ಖಂಡಿತ ಎತ್ತಬೇಕು.

ಹಿಮಾಲಯದ ಉತ್ತರಕ್ಕೆ, ದಕ್ಷಿಣ ಟಿಬೆಟ್ಟಿನಲ್ಲಿ, 1990ರ ದಶಕದಲ್ಲಿ ಸ್ಫೋಟದ ಅಲೆಗಳ ಪ್ರತಿಧ್ವನಿ ಹಿಡಿದು ನೋಡಿದಾಗ ಮೊಹೊ ಸುಮಾರು 75 ಕಿಲೋಮೀಟರ್ ಆಳದಲ್ಲಿ ಕಂಡಿತು. ನಮ್ಮ ಪ್ರಸ್ಥಭೂಮಿಯ ಹತ್ತಿರ ಹತ್ತಿರ ಎರಡರಷ್ಟು. ಈಗ ಸ್ಫೋಟವೂ ಇಲ್ಲದೆ ಇನ್ನೊಂದು ಉಪಾಯವಿದೆ: ದೂರದ ಭೂಕಂಪದ ಪಿ ಅಲೆ ಕೆಳಗಿನಿಂದ ಮೇಲೆ ಬರುವಾಗ ಈ ಎಲ್ಲೆಯನ್ನು ದಾಟಿದ ಜಾಗದಲ್ಲಿ ಅದರ ಒಂದು ಪಾಲು ಎಸ್ ಅಲೆಯಾಗಿ ಮಾರ್ಪಡುತ್ತದೆ. ಎರಡೂ ಅಲ್ಲಿಂದ ಒಟ್ಟಿಗೆ ಹೊರಟರೂ ಎಸ್ ಹಿಂದೆ ಬೀಳುತ್ತದೆ. ಎಷ್ಟು ಸೆಕೆಂಡು ಹಿಂದೆ ಬಿತ್ತು ಎಂಬುದು ಎಲ್ಲೆ ಎಷ್ಟು ಆಳದಲ್ಲಿದೆ ಎಂಬುದರ ಲೆಕ್ಕ. ಹಿಮಾಲಯದ ಅಡಿಗೆ ಭಾರತದ ಕವಚ ಹೇಗೆ ಬಾಗಿ ಜಾರುತ್ತಿದೆ ಎಂಬ ಚಿತ್ರ ಇಂಥ ಸೆಕೆಂಡುಗಳಿಂದ ಮೂಡಿದ್ದು. ಆ ಜಾರುವಿಕೆಯೇ ಅಲ್ಲಿಯ ಭೂಕಂಪಗಳ ಮೂಲ.

ಮನುಷ್ಯನಿಗೆ ಬರೋಣ. ತಾವು ಕಂಡುಹಿಡಿದದ್ದರಲ್ಲೇ ಮುಳುಗಿ ಊರಿನ ಮನೆಗಳನ್ನು ಮರೆತವರಲ್ಲ ಮೊಹೊರೊವಿಚಿಚ್. 1909ರಲ್ಲೇ, ಎಂಜಿನಿಯರುಗಳು ಮತ್ತು ವಾಸ್ತುಶಿಲ್ಪಿಗಳ ಮುಂದೆ ಭೂಕಂಪ ಕಟ್ಟಡಗಳಿಗೆ ಏನು ಮಾಡುತ್ತದೆ ಎಂಬುದರ ಮೇಲೆ ಉಪನ್ಯಾಸ ಕೊಟ್ಟರು. 1911ರಲ್ಲಿ ಅದು ಅಚ್ಚಾಯಿತು. ಬರಿಯ ಭಾರ ಹೊರುವುದಕ್ಕೆ ಕಟ್ಟಿದರೆ ಸಾಲದು, ಅಡ್ಡ ಅಲುಗಾಟಕ್ಕೂ ಕಟ್ಟಬೇಕು ಎಂಬ ವಿಚಾರ ಅದರಲ್ಲಿದೆ. ನನ್ನ ಮಟ್ಟಿಗೆ ಇದು ಮೊಹೊದಷ್ಟೇ ದೊಡ್ಡ ಕೆಲಸ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜಾಗವಿಲ್ಲ.

1920ರ ದಶಕದ ಆರಂಭದಲ್ಲಿ ಅವರು ನಿವೃತ್ತರಾದರು. ಅವರ ಲೆಕ್ಕದ ಎಲ್ಲೆ ಕ್ರೊವೇಷಿಯಾದ ಕೆಳಗೆ ಮಾತ್ರವಲ್ಲ, ಇತರ ದೇಶಗಳ ಕೆಳಗೂ ಒಂದೊಂದಾಗಿ ಸಿಗುತ್ತ ಹೋಯಿತು. ಸಾಗರಗಳ ತಳದಲ್ಲಿ ಅದು ಬಹಳ ಮೇಲೆ, ತಳದಿಂದ 5ರಿಂದ 10 ಕಿಲೋಮೀಟರ್‌ನಲ್ಲೇ ಇದೆ ಎಂದು ಆಮೇಲೆ ತಿಳಿಯಿತು. ನಾಲ್ವರು ಗಂಡುಮಕ್ಕಳಲ್ಲಿ ಸ್ಟೆಪಾನ್ ಭೌತವಿಜ್ಞಾನಿಯಾದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೊತೆಯಾಗಿ ಕ್ಷಣಕಾಲ ಪರಮಾಣುವಿನಂತೆ ಇರಬಲ್ಲವು ಎಂದು 1934ರಲ್ಲಿ ಮುಂಗಂಡವರು ಅವರು. ಹಿರಿಯ ಮೊಹೊರೊವಿಚಿಚ್ 1936ರ ಡಿಸೆಂಬರ್ 18ರಂದು ಝಾಗ್ರೆಬ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಡೆನ್ಮಾರ್ಕಿನ ಇಂಗೆ ಲೇಮಾನ್ ಎಂಬ ಮಹಿಳೆ, ಇಂಥದೇ ಅಲೆಗಳ ದಾಖಲೆಯಿಂದ, ಭೂಮಿಯ ಕೇಂದ್ರಗೋಳದೊಳಗೆ ಇನ್ನೊಂದು ಗೋಳವಿದೆ ಎಂದು ತೋರಿಸಿದರು. ಅವರೂ ಗಣಿತ ಓದಿದವರು. ಆ ಕಥೆ ಇನ್ನೊಂದು ಸಂಚಿಕೆಗೆ.

ಯಾರಾದರೂ ಅದನ್ನು ಮುಟ್ಟಿದ್ದಾರೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಶುರುವಾದ ರಂಧ್ರ 12,262 ಮೀಟರ್ ಇಳಿದು ನಿಂತಿತು, ಮೊಹೊದ ದಾರಿಯಲ್ಲಿ ಅದು ಸುಮಾರು ಮೂರನೆಯ ಒಂದು ಭಾಗ. ಅದಕ್ಕೂ ಮುಂಚೆ, ಸಾಗರದ ತಳದಲ್ಲಿ ಕವಚ ತೆಳು ಎಂಬ ಕಾರಣಕ್ಕೆ, ಅಮೆರಿಕನ್ನರು 1961ರಲ್ಲಿ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ ಹಡಗು ನಿಲ್ಲಿಸಿ, ಸುಮಾರು 3,600 ಮೀಟರ್ ನೀರಿನ ಕೆಳಗೆ ಬೈರಿಗೆ ಇಳಿಸಿದರು. ಆ ಯೋಜನೆಗೆ ಮೊಹೋಲ್ ಎಂದು ಹೆಸರು. ಸಾಗರದ ತಳದಿಂದ 183 ಮೀಟರ್ ಕೊರೆದರು. ಖರ್ಚು ಏರುತ್ತ ಹೋಗಿ 1966ರಲ್ಲಿ ಅಲ್ಲಿನ ಸಂಸತ್ತು ಹಣ ನಿಲ್ಲಿಸಿತು.